ಬರೆಯುವುದೊಂದು, ನುಡಿಯುವುದೊಂದು: ನಮ್ಮ ನೆಲದ ನಾಲ್ಕು ಆಂಗ್ಲ ಪದಗಳು

ವಿಜ್ಞಾನವನ್ನು ವ್ಯಾಸಂಗ ಮಾಡುವ ವಿದ್ಯಾರ್ಥಿಗೆ ಆಂಗ್ಲ ಗ್ರಂಥದ ಅಪರಿಚಿತ ಪದವು ಎರಡು ತೊಡಕುಗಳನ್ನು ಒಡ್ಡುತ್ತದೆ: ಅದರ ಅರ್ಥವೇನು? ಉಚ್ಚಾರಣೆ ಹೇಗೆ? ಮೌಖಿಕ ಪರೀಕ್ಷೆಯಲ್ಲಿ ಉತ್ತರ ತಿಳಿದಿದ್ದರೂ, ಪದವನ್ನು ತಪ್ಪಾಗಿ ನುಡಿದೇನೆಂಬ ಅಂಜಿಕೆಯಿಂದ ಮೌನ ವಹಿಸುವವರುಂಟು. ವಿಷಯವನ್ನು ಬಲ್ಲವರು ಶಬ್ದಕ್ಕೆ ಹೆದರುವುದು ವಿಷಾದಕರ. ಕನ್ನಡವನ್ನು ನಾವು ಬಹುಮಟ್ಟಿಗೆ ಬರೆದಂತೆಯೇ ಓದುತ್ತೇವೆ. ಆಂಗ್ಲ ಬರಹವಾದರೋ ಪದವು ನಡೆದುಬಂದ ದಾರಿಯ ಗುರುತನ್ನು ಉಳಿಸಿಕೊಂಡಿರುತ್ತದೆ. ರಾಯಚೂರು ಸೀಮೆಯ ನೆಲಕ್ಕೇ ಸಂಬಂಧಿಸಿದ ನಾಲ್ಕು ಪದಗಳಿಂದ ಇದನ್ನು ತಿಳಿಯೋಣ.

1. ದೋಆಬ್: ಬರಹ ಡಿ, ಓ, ಎ, ಬಿ. 'ಬೋಟ್' ಪದದಲ್ಲಿರುವಂತೆ ಓ, ಎ ಎರಡನ್ನೂ ಕೂಡಿಸಿ ಒಂದೇ ಸ್ವರವಾಗಿ ನುಡಿಯಬಾರದು; 'ದೋ-ಆಬ್' ಎಂದು ಬಿಡಿಸಬೇಕು. ಇದು ಪಾರಸಿ ಪದ. 'ದೋ' ಎಂದರೆ ಎರಡು, 'ಆಬ್' ಎಂದರೆ ನೀರು. ಸಂಸ್ಕೃತದ 'ದ್ವಿ' ಮತ್ತು 'ಅಪ್' ಶಬ್ದಗಳಿಗೆ ಇವು ಬಂಧುಗಳು. ಎರಡು ನದಿಗಳ ನಡುವಣ ಪ್ರದೇಶವೇ ದೋಆಬ್. ಉತ್ತರದಲ್ಲಿ ದೇವದುರ್ಗದ ಕಡೆ ಕೃಷ್ಣೆ, ದಕ್ಷಿಣದಲ್ಲಿ ಮಾನ್ವಿಯ ಕಡೆ ತುಂಗಭದ್ರೆ. ಇವುಗಳ ನಡುವಣ ನೆಲಕ್ಕಾಗಿಯೇ 1520ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಸುಲ್ತಾನನಿಗೂ ರಾಯಚೂರಿನಲ್ಲಿ ಯುದ್ಧ ನಡೆಯಿತು.

2. ನೈಸ್: ಬರಹ ಜಿ, ಎನ್, ಇ, ಐ, ಎಸ್, ಎಸ್. ಮೊದಲಕ್ಷರ ಮೌನ. ಜರ್ಮನ್ ಭಾಷೆಯಿಂದ ಬಂದ ಈ ಪದವನ್ನು ಜರ್ಮನರು ಇಂದಿಗೂ 'ಗ್ನೈಸ್' ಎಂದೇ ನುಡಿಯುತ್ತಾರೆ. ಆಂಗ್ಲರು ಪದಾದಿಯ ಜಿ-ಎನ್ ಜೋಡಿಯಲ್ಲಿ ಜಿಯನ್ನು ಕೈಬಿಟ್ಟರು, ಬರಹದಲ್ಲಿ ಮಾತ್ರ ಉಳಿಸಿಕೊಂಡರು. ನಾವೂ 'ಜ್ಞಾನ' ಎಂದು ಬರೆದು 'ಗ್ನಾನ' ಎನ್ನುವುದಿಲ್ಲವೆ? ಅತಿಶಯ ಶಾಖ ಮತ್ತು ಒತ್ತಡಗಳಿಂದ ಮಾರ್ಪಟ್ಟ, ಬಿಳಿ-ಕಪ್ಪು ಪಟ್ಟೆಗಳುಳ್ಳ ಶಿಲೆಯಿದು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯು ಇದೇ ಜಾತಿಯದು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ.

3. ಶಿಸ್ಟ್: ಬರಹ ಎಸ್, ಸಿ, ಎಚ್, ಐ, ಎಸ್, ಟಿ. ಗ್ರೀಕ್ ಮೂಲದಲ್ಲಿ 'ಸೀಳಲ್ಪಟ್ಟದ್ದು' ಎಂದರ್ಥ. ಸಂಸ್ಕೃತದ 'ಛಿದ್' ಧಾತುವೂ ಇದೇ ಕುಲದ್ದು. ಫ್ರೆಂಚ್ ಮೂಲಕ ಬಂದುದರಿಂದ ಆರಂಭದಲ್ಲಿ 'ಶ' ಧ್ವನಿ. ಅದೇ ಮೂಲದ ಸ್ಕಿಟ್ಸೊಫ್ರೇನಿಯ ಎಂಬ ರೋಗನಾಮದಲ್ಲಾದರೋ 'ಸ್ಕ' ಧ್ವನಿ! ಹಾಳೆಹಾಳೆಯಾಗಿ ಸೀಳುವ ಗುಣವೇ ಈ ಶಿಲೆಯ ಲಕ್ಷಣ. ಆದುದರಿಂದ ಹೆಸರೇ ಇದರ ವ್ಯಾಖ್ಯೆ. ಹಟ್ಟಿಯ ಚಿನ್ನದ ಗಣಿಗಳಿರುವುದು ಇಂತಹ ಶಿಲೆಗಳ ಪಟ್ಟಿಯಲ್ಲಿಯೇ.

4. ರೇಗರ್: ಬರಹ ಆರ್, ಇ, ಜಿ, ಯು, ಆರ್. ತೆಲುಗಿನ 'ರೇಗಡ'ದಿಂದ ಆಂಗ್ಲಕ್ಕೆ ಹೋದ ಈ ಪದಕ್ಕೆ ನಮ್ಮ ಎರೆಮಣ್ಣೇ ಅರ್ಥ. ಇದರ ಸೂಕ್ಷ್ಮ ಜೇಡಿಕಣಗಳು ಪದರಗಳ ನಡುವೆ ನೀರನ್ನು ಸೇರಿಸಿಕೊಂಡು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಮಾನ್ವಿಯ ಎರೆಹೊಲಗಳು ಬೇಸಿಗೆಯಲ್ಲಿ ಬಿರುಕುಬಿಡುವುದಕ್ಕೆ ಇದೇ ಕಾರಣ.

ಆದುದರಿಂದ ಹೊಸ ಪದವು ಎದುರಾದಾಗ ಮೂರನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಿರಿ: ನಿಘಂಟಿನಲ್ಲಿ ನೋಡಿದ ಉಚ್ಚಾರಣೆ, ಕನ್ನಡ ಲಿಪಿಯಲ್ಲಿ, ಪದದ ಮೂಲ, ಅದು ಸೂಚಿಸುವ ವಸ್ತು. ವಸ್ತುವು ಸಮೀಪದಲ್ಲಿದ್ದರೆ ಹೋಗಿ ನೋಡಿರಿ. ಕಣ್ಣಾರೆ ಕಂಡ ವಸ್ತುವಿನ ಹೆಸರನ್ನು ನಾಲಗೆಯು ಬೇಗನೆ ಮರೆಯುವುದಿಲ್ಲ.