ಮಳೆಗಾಲದಲ್ಲೂ ಒಗೆಯಬಹುದಾದ ಕೌದಿ

ನಮ್ಮ ಯಲ್ಲಾಪುರ ಕಡೆ ಮಳೆಗಾಲದಲ್ಲಿ ಕೌದಿ ಇಲ್ಲದೆ ನಿದ್ದೆ ಬಾರದು. ಆದರೆ ಆಗ ಅದನ್ನು ಒಗೆಯುವ ಹಾಗೂ ಇಲ್ಲ, ಒಣಗುವುದಿಲ್ಲ. ಜೂನ್‌ನಲ್ಲಿ ಅಂಟಿದ ಬೆವರು, ಎಣ್ಣೆಜಿಡ್ಡು ನವರಾತ್ರಿಯ ಬಿಸಿಲಿನ ತನಕ ಹಾಗೇ. ಕಮಟು ವಾಸನೆ, ಬೂಷ್ಟು ಬೇರೆ. ಮನೆಯಲ್ಲಿ ದಮ್ಮಿನವರು, ಎಳೆಮಕ್ಕಳು ಇದ್ದರೆ ಇದು ಸಣ್ಣ ವಿಷಯ ಅಲ್ಲ.

ನಮ್ಮ ಮನೆಯ ಹಳೇ ಕೌದಿ 7 ಅಡಿ ಉದ್ದ, 5 ಅಡಿ ಅಗಲ. ಒಳಗೆ 4 ಹಳೇ ಹತ್ತಿ ಸೀರೆ. ಮಡಚಿ ಹಾಸಿದರೆ 7-8 ಪದರ. ಒಣಗಿದಾಗ ಸುಮಾರು ಎರಡೂವರೆ ಕಿಲೋ. ನೀರು ಕುಡಿದ ಮೇಲೆ ಒಬ್ಬರ ಕೈಯಲ್ಲಿ ಹಿಂಡಲಾಗದು. ಇದನ್ನು ಸರಿಮಾಡಲು ಮೂರು ವರ್ಷದಲ್ಲಿ ನಾಲ್ಕು ಕೌದಿ ಹೊಲಿದು ಪರೀಕ್ಷಿಸಿದೆ.

ಮೂರು ಪ್ರಯೋಗ

ಮೊದಲನೆಯದಕ್ಕೆ ಮೂರೇ ಪದರ. ಬೇಗ ಒಣಗಿತು, ಆದರೆ ಚಳಿ ತಡೆಯಲಿಲ್ಲ. ಸಾಲುಗಳು ಒತ್ತೊತ್ತಾಗಿದ್ದವು. ಹೊಲಿಗೆ ಒತ್ತಾದಷ್ಟೂ ಪದರಗಳ ನಡುವೆ ಗಾಳಿ ನಿಲ್ಲುವುದಿಲ್ಲ. ಬೆಚ್ಚಗಿಡುವುದು ಆ ಗಾಳಿಯೇ.

ಎರಡನೆಯದಕ್ಕೆ ಒಳಗೆ ಪಾಲಿಯೆಸ್ಟರ್ ಸೀರೆ. ಬಹಳ ಬೇಗ ಒಣಗುತ್ತದೆ ನಿಜ. ಆದರೆ ಬಟ್ಟೆ ಜಾರುತ್ತದೆ. ನಾಲ್ಕು ಸಲ ಒಗೆಯುವುದರೊಳಗೆ ಒಳಪದರ ಮುದ್ದೆಯಾಯಿತು. ಬೆವರನ್ನೂ ಹೀರುವುದಿಲ್ಲ. ಒಲೆ ಹತ್ತಿರ ಮಲಗುವವರಿಗಂತೂ ಬೇಡವೇ ಬೇಡ, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ.

ಮೂರನೆಯದರಲ್ಲಿ ಹತ್ತಿಗೇ ಮರಳಿ, ಸಾಲುಗಳ ಅಂತರ ನಾಲ್ಕು ಬೆರಳಿಗೆ ಏರಿಸಿದೆ. ಮೆತ್ತಗಾಯಿತು, ಆದರೆ ಒಗೆಯುವಾಗ ಬೆರಳು ಸಿಕ್ಕಿ ದಾರ ಕಿತ್ತು ಬಂತು.

ಒಗ್ಗಿದ ಮಾದರಿ

ನಾಲ್ಕನೆಯದು 6 ಅಡಿ ಉದ್ದ, 4 ಅಡಿ ಅಗಲ. ಒಳಗೆ ಎರಡೇ ಹತ್ತಿ ಸೀರೆ, ಸುಮಾರು 5 ಪದರ. ನಡುವೆ ಸಾಲಿನಿಂದ ಸಾಲಿಗೆ ಎರಡು ಬೆರಳು, ಅಂಚಿನಲ್ಲಿ ಒಂದು ಬೆರಳು. ತೂಕ ಒಂದೂವರೆ ಕಿಲೋ ಒಳಗೇ. ಚಳಿ ಜಾಸ್ತಿಯಾದರೆ ಎರಡನ್ನು ಒಂದರ ಮೇಲೊಂದು ಹೊದೆಯುತ್ತೇವೆ. ಒಂದೇ ದಪ್ಪ ಕೌದಿಗಿಂತ ಇದೇ ಬೆಚ್ಚಗೆ. ಒಗೆಯುವಾಗ, ಒಣಗಿಸುವಾಗ ಬೇರೆ ಬೇರೆ.

ಬಹಳ ಉಪಯೋಗಕ್ಕೆ ಬಂದದ್ದು ತಲೆಕಡೆಯ ಪಟ್ಟಿ. ಕೊಳೆ ಹೆಚ್ಚು ಹಿಡಿಯುವುದು ಅಲ್ಲೇ. ಒಂದು ಅಡಿ ಅಗಲದ ಹತ್ತಿ ಬಟ್ಟೆಯನ್ನು ಆ ತುದಿಗೆ ಎರಡೂ ಬದಿ ಮುಚ್ಚುವಂತೆ ಮಡಚಿ ಕಚ್ಚಾ ಹೊಲಿಗೆ ಹಾಕಿ. ವಾರಕ್ಕೊಮ್ಮೆ ಬಿಚ್ಚಿ ಅದನ್ನಷ್ಟೇ ಒಗೆದರೆ ಒಲೆಮೇಲಿನ ಗಳದಲ್ಲಿ ರಾತ್ರಿಯೊಳಗೆ ಒಣಗುತ್ತದೆ. ಇಡೀ ಕೌದಿಯನ್ನು ಮಳೆ ಹೊಳವಾದಾಗ ಒಗೆದರೆ ಸಾಕು.

ಹೊಲಿಯುವ ಕ್ರಮ

ಕ್ರಮ ಹೇಳಿಕೊಟ್ಟವರು ನೆರೆಯ ಸಿದ್ದಿ ಹೆಂಗಸರು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಅವರ ಕೌದಿಗೆ ಕವಂದಿ ಎಂದೂ ಹೆಸರು. ಒಂದು ಮೂಲೆಯಿಂದ ಹಿಡಿದು, ಅಂಚಿನ ಗುಂಟ ಸುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿದ ತ್ರಿಕೋನ, ಅದು ‘ಫುಲಾ’. ನಾನು ನಡುವಿನಿಂದ ಹೊರಗೂ ಹೊಲಿದು ನೋಡಿದೆ, ಅಂಚು ಸೊಟ್ಟಗಾಗುತ್ತದೆ. ಅಂಚಿನಿಂದ ಬಂದರೆ ನಡುವೆ ಬಟ್ಟೆ ಉಬ್ಬುವುದುಂಟು. ಅದಕ್ಕೆ ಮೊದಲೇ ಗೇಣಿಗೊಂದು ಕಚ್ಚಾ ಹೊಲಿಗೆ ಹಾಕಿಕೊಳ್ಳಿ, ಕೊನೆಗೆ ಕಿತ್ತರಾಯಿತು.

ಮೇಲಿನ ತುಂಡುಗಳಲ್ಲಿ ಗಟ್ಟಿಯವನ್ನು ಕಾಲಿನ ತುದಿಗೆ ಇಡಿ, ಮೊದಲು ಹರಿಯುವುದು ಅಲ್ಲಿ. ದರ್ಜಿ ಅಂಗಡಿಯ ಹೊಸ ತುಂಡಾದರೆ ರಾತ್ರಿಯಿಡೀ ನೆನೆಸಿ, ಒಣಗಿಸಿಯೇ ಬಳಸಿ. ಇಲ್ಲವಾದರೆ ಆಮೇಲೆ ಅದು ಕುಗ್ಗಿ ಸುತ್ತಲಿನ ಬಟ್ಟೆ ಸುಕ್ಕಾಗುತ್ತದೆ, ಬಣ್ಣವೂ ಬಿಡುತ್ತದೆ.

ಮಧ್ಯಾಹ್ನದ ಬಿಡುವಿನಲ್ಲಷ್ಟೇ ಹೊಲಿದರೆ ಒಂದಕ್ಕೆ ತಿಂಗಳು ಬೇಕು. ಬೇಸಿಗೆಯಲ್ಲೇ ಶುರುಮಾಡಿ. ಹತ್ತಿ ಸೀರೆ ಸಿಗದ ಮನೆಗಳಲ್ಲಿ ಹಳೇ ಪಂಚೆ, ಬೆಡ್‌ಶೀಟ್ ಆದೀತು. ಬೇರೆ ಬಟ್ಟೆ ಬಳಸಿ ನೋಡಿದವರಿದ್ದರೆ ದಯವಿಟ್ಟು ಬರೆದು ತಿಳಿಸಿ.