ತಿಂಡಿ ಅಂದರೆ ಮುಖ ತಿರುಗಿಸುವ ಮಗ

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ, ಎಂಟು ಗಂಟೆಗೆ ಶಾಲೆಯ ವ್ಯಾನು ಬರುತ್ತದೆ. ಉಪ್ಪಿಟ್ಟು ಮಾಡಿದರೆ ‘ಕಾಂಕ್ರೀಟ್’ ಎನ್ನುತ್ತಾನೆ, ಅರ್ಧ ಇಡ್ಲಿಗೇ ಎದ್ದುಬಿಡುತ್ತಾನೆ. ಚಾಕೊಲೇಟ್ ಫ್ಲೇಕ್ಸ್, ಇಲ್ಲವೇ ನೂಡಲ್ಸ್ ಆದರೆ ಮಾತ್ರ ತಟ್ಟೆ ಖಾಲಿ. ಎದ್ದ ಕೂಡಲೇ ಅತ್ತೆಯವರು ಪುಡಿ ಬೆರೆಸಿದ ಹಾಲು, ನಾಲ್ಕು ಬಿಸ್ಕತ್ತು ಕೊಡುತ್ತಾರೆ. ಅಷ್ಟಾದರೂ ಹೊಟ್ಟೆಗೆ ಹೋಗುತ್ತದಲ್ಲ ಎಂಬುದೇ ಸಮಾಧಾನ. ಅವನು ಇಷ್ಟಪಟ್ಟು ತಿನ್ನುವಂಥ, ಆರೋಗ್ಯಕ್ಕೂ ಒಳ್ಳೆಯದಾದ ತಿಂಡಿ ಯಾವುದು?
– ಒಬ್ಬ ತಾಯಿ, ಹಾಸನ

ಉತ್ತರ: ನಿಮಗೆ ಸಮಾಧಾನ ಕೊಡುವ ಆ ಹಾಲು-ಬಿಸ್ಕತ್ತಿನಲ್ಲೇ ತೊಡಕಿದೆಯಮ್ಮ. ಒಂದು ಲೋಟ ಸಿಹಿ ಹಾಲು, ನಾಲ್ಕು ಬಿಸ್ಕತ್ತು ಎಂದರೆ ಏಳು ವರ್ಷದವನಿಗೆ ಹೆಚ್ಚುಕಡಿಮೆ ಒಂದು ತಿಂಡಿಯೇ ಆಯಿತು. ಅದಾದ ಅರ್ಧ ಗಂಟೆಗೆ ಇಡ್ಲಿ ಇಟ್ಟರೆ ಹಸಿವೆಲ್ಲಿಂದ ಬರಬೇಕು? ಹಸಿವಿಲ್ಲದ ಬಾಯಿಗೆ ಸಿಹಿ, ಮಸಾಲೆ ಮಾತ್ರ ಹಿಡಿಸುತ್ತವೆ. ಹೊಸ ತಿಂಡಿ ಹುಡುಕುವ ಮೊದಲು ಬಿಸ್ಕತ್ತು ನಿಲ್ಲಿಸಿ, ಹಾಲನ್ನು ಸಂಜೆಗೆ ದೂಡಿ. ಅತ್ತೆಯವರಿಗೆ ‘ಕೊಡಬೇಡಿ’ ಎಂದರೆ ನೋವಾಗುತ್ತದೆ. ‘ಬೆಳಗಿನ ದೋಸೆ ನೀವೇ ಹುಯ್ದು ಕೊಡಿ, ನಿಮ್ಮ ಕೈಯದಾದರೆ ತಿಂತಾನೆ’ ಎಂದು ನೋಡಿ. ಮೊಮ್ಮಗನಿಗೆ ಏನಾದರೂ ತಿನ್ನಿಸುವುದಷ್ಟೇ ಅವರಿಗೂ ಬೇಕಾಗಿರುವುದು.

ಹಾಲಿಗೆ ಬೆರೆಸುವ ಪುಡಿಯ ಬಗ್ಗೆ ಒಂದು ಮಾತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು. ನಮ್ಮ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಆ ಹೆಸರಿನ ವರ್ಗವೇ ಇಲ್ಲ. ಡಬ್ಬದ ಹಿಂದೆ ಸಕ್ಕರೆ ಎಷ್ಟೆಂದು ಓದಿ. ಫ್ಲೇಕ್ಸ್ ಪೊಟ್ಟಣವನ್ನೂ ತಿರುಗಿಸಿ ನೋಡಿ.

ಇನ್ನು ಒಲೆಯ ವಿಷಯ. ಮನೆಯಲ್ಲಿ ದೋಸೆ ಹಿಟ್ಟು ಇದ್ದೇ ಇರುತ್ತದೆ. ನಾಲ್ಕು ಸೌಟು ಹಿಟ್ಟಿಗೆ ಒಂದು ಸೌಟು ರಾಗಿ ಹಿಟ್ಟನ್ನು ಗಂಟಿಲ್ಲದಂತೆ ನೀರಲ್ಲಿ ಕಲಸಿ ಸೇರಿಸಿ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಲವಲೇಶವಷ್ಟೇ. ಅಂಗೈಯಗಲದ ಪುಟ್ಟ ದೋಸೆ ಹುಯ್ಯಿರಿ. ದೊಡ್ಡ ದೋಸೆಯ ಅರ್ಧ ಬಿಡುವ ಮಗು ಪುಟ್ಟದ್ದನ್ನು ‘ಇನ್ನೊಂದು’ ಎಂದು ಕೇಳುವುದುಂಟು. ಜೊತೆಗೆ ಕಡಲೆಕಾಯಿ ಬೀಜದ ಚಟ್ನಿ, ಮೇಲೊಂದಿಷ್ಟು ತುಪ್ಪ. ಮೊಟ್ಟೆ ತಿನ್ನುವ ಮನೆಯಾದರೆ ಕಾವಲಿಯ ಮೇಲೆಯೇ ಒಂದನ್ನು ಒಡೆದು ಹರಡಿ: ಸುಮಾರು ಆರು ಗ್ರಾಂ ಪ್ರೋಟೀನು. ಅವಲಕ್ಕಿ ಒಗ್ಗರಣೆಗೆ ಒಲೆ ಆರಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಅವಲಕ್ಕಿಯ ಕಬ್ಬಿಣಾಂಶ ಮೈಗೆ ಹತ್ತಲು ಆ ಹುಳಿ ನೆರವಾಗುತ್ತದೆ. ಮಗುವಿಗೆ ಟೀ ಅಭ್ಯಾಸವಿದ್ದರೆ ಬಿಡಿಸಿ, ಅದು ಇದಕ್ಕೆ ಅಡ್ಡಿ. ಉಪ್ಪಿಟ್ಟಿಗೆ ನೀರು ಸ್ವಲ್ಪ ಹೆಚ್ಚು ಹಾಕಿ ಬಿಸಿಯಾಗಿಯೇ ಬಡಿಸಿ. ‘ಕಾಂಕ್ರೀಟ್’ ಎಂಬ ದೂರು ಆರಿದ ಉಪ್ಪಿಟ್ಟಿನದು, ಹುಡುಗನ ಮಾತು ಸುಳ್ಳಲ್ಲ! ಅವರೆಕಾಯಿ ಕಾಲದಲ್ಲಂತೂ ಹಾಸನದವರಿಗೆ ನಾನು ಹೇಳಿಕೊಡಬೇಕಾದ್ದೇನಿಲ್ಲ.

ತಿನ್ನಿಸುವ ಹೊತ್ತಿನ ಜಗಳ ತಪ್ಪಿಸಲು ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳಿದ ಪಾಲುಗಾರಿಕೆ ನನಗೆ ಒಪ್ಪಿಗೆ: ಏನು, ಯಾವಾಗ, ಎಲ್ಲಿ ಎಂಬುದು ಹೆತ್ತವರದು, ತಿನ್ನಬೇಕೋ ಬೇಡವೋ, ಎಷ್ಟು ಎಂಬುದು ಮಗುವಿನದು. ರಾತ್ರಿಯೇ ‘ನಾಳೆ ದೋಸೆಯೋ ಅವಲಕ್ಕಿಯೋ?’ ಎಂದು ಕೇಳಿ, ಅವನು ಆರಿಸಿದ್ದನ್ನು ಮಾಡಿ. ಮೊಬೈಲ್ ತೋರಿಸಿ ತುರುಕುವುದು, ತಿಂದರೆ ಚಾಕೊಲೇಟ್ ಎಂಬ ಲಂಚ ಬೇಡ. ಮೊದಲ ವಾರ ಒಂದೆರಡು ದಿನ ಅರ್ಧ ಹೊಟ್ಟೆಯಲ್ಲೇ ವ್ಯಾನು ಹತ್ತಿಯಾನು. ಬ್ಯಾಗಿನಲ್ಲಿ ಬಾಳೆಹಣ್ಣು, ಹುರಿದ ಕಡಲೆಕಾಯಿ ಬೀಜ ಇರಲಿ. ತೂಕ ಇಳಿಯುತ್ತಿದ್ದರೆ, ಸುಸ್ತು, ಬಿಳಿಚಿಕೊಂಡಂತೆ ಕಾಣುವುದು ಇದ್ದರೆ ಮಾತ್ರ ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ.

ನೂಡಲ್ಸನ್ನು ಪೂರ್ತಿ ನಿಷೇಧಿಸಬೇಡಿ, ನಿಷೇಧಿಸಿದರೆ ಅದಕ್ಕೇ ಬೆಲೆ ಏರುತ್ತದೆ. ಭಾನುವಾರ ಕೇಳಿದರೆ ಕ್ಯಾರೆಟ್, ಬೀನ್ಸ್, ಬಟಾಣಿ ಧಾರಾಳವಾಗಿ ಹಾಕಿ, ಮಸಾಲೆ ಪೊಟ್ಟಣದಲ್ಲಿ ಉಪ್ಪು ಬಹಳವಿರುವುದರಿಂದ ಅರ್ಧವನ್ನಷ್ಟೇ ಬಳಸಿ ಮಾಡಿಕೊಡಿ.