ಮರಗಸಿಗೆ ವೈರ್‌ಲೆಸ್ ಹೆಡ್‌ಸೆಟ್: ಉತ್ತರ ಬಾರದೆ ಕೊಂಬೆ ಇಳಿಸಬೇಡಿ

ಕಾಫಿ ಕೊಯ್ಲು ಮುಗಿದ ಮೇಲೆ ಮುಂಗಾರು ಹಿಡಿಯುವ ತನಕ ಮಲೆನಾಡಿನ ತೋಟಗಳಲ್ಲಿ ಮರಗಸಿಯದೇ ಸದ್ದು. ಮೂರು ವರ್ಷದ ಹಿಂದೆ ಮೂಡಿಗೆರೆ ಕಡೆಯ ನಮ್ಮ ತೋಟದಲ್ಲೂ ಇದೇ ಕೆಲಸ ನಡೀತಿತ್ತು. ಸಿಲ್ವರ್ ಓಕ್ ಮೇಲೆ ಚೈನ್ ಸಾ ಹಿಡಿದು ಕೂತಿದ್ದ ಅಣ್ಣ "ಬಿಡ್ಲಾ?" ಅಂತ ಕೂಗಿದರು. ಕೆಳಗೆ ಅಸ್ಸಾಂನ ಹುಡುಗನೊಬ್ಬ ಸೌದೆ ಎಳೀತಿದ್ದ. ನಾನು ಗಂಟಲು ಹರಿಯುವಂತೆ "ಬಿಡಬೇಡಿ" ಅಂದೆ. ಮಷೀನ್ ಸದ್ದಿನಲ್ಲಿ ಅವರಿಗೆ ಕೇಳಿಸಿದ್ದು "ಬಿಡಿ". ಕೊಂಬೆ ಬಂತು. ಎರಡು ಕಾಫಿ ಗಿಡ ಮುರಿದವು, ಒಂದು ಮೆಣಸಿನ ಬಳ್ಳಿ ಹರಿಯಿತು. ಹುಡುಗನಿಗೂ ಕೊಂಬೆಗೂ ನಡುವೆ ಇದ್ದದ್ದು ಎರಡೇ ಮಾರು.

ಆ ವರ್ಷವೇ ಹೆಡ್‌ಸೆಟ್ ತಂದೆವು. ಆದರೆ ಅದರಿಂದ ಅರ್ಧ ಕೆಲಸ ಮಾತ್ರ ಆಗುತ್ತೆ ಅನ್ನೋದು ಬಳಸಿದ ಮೇಲೆ ಗೊತ್ತಾಯ್ತು. ಉಳಿದರ್ಧ ನಾವು ಮಾತಾಡುವ ರೀತಿಯಲ್ಲಿದೆ.

ಕೂಗಿದರೆ ಸಾಲದೇ?

ಚೈನ್ ಸಾ ಶಬ್ದ ನಡೆಸುವವರ ಕಿವಿಯ ಹತ್ತಿರ ಸುಮಾರು 100 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಲೆಕ್ಕದಲ್ಲಿ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಸದ್ದು 3 ಡೆಸಿಬಲ್ ಏರಿದಂತೆಲ್ಲ ಈ ಅವಧಿ ಅರ್ಧಕ್ಕೆ ಇಳಿಯುತ್ತೆ. 100 ಡೆಸಿಬಲ್‌ಗೆ ಉಳಿಯೋದು ಬರೀ 15 ನಿಮಿಷ. ಹಾಗಾಗಿ ಕಿವಿಗವಸು ಬೇಕೇ ಬೇಕು. ಆದರೆ ಅದನ್ನು ಹಾಕಿದರೆ ಕೆಳಗಿನವರ ಕೂಗು ಕೇಳಲ್ಲ. ಕೂಗು ಕೇಳಲಿ ಅಂತ ನಮ್ಮವರು ಕಿವಿಗವಸನ್ನೇ ತೆಗೆದಿಡ್ತಾರೆ. ಗವಸಿನೊಳಗೇ ಸ್ಪೀಕರ್, ಬಾಯಿ ಹತ್ತಿರ ಮೈಕ್ ಇರುವ ಹೆಡ್‌ಸೆಟ್ ಇದ್ದರೆ ಕಿವಿಯೂ ಉಳಿಯುತ್ತೆ, ಮಾತೂ ತಲುಪುತ್ತೆ.

ಯಾವುದು ಆಗುತ್ತೆ, ಯಾವುದು ಆಗಲ್ಲ

ಮೊಬೈಲ್ ಮತ್ತು ಇಯರ್‌ಬಡ್: ಬೇಡ. ನಮ್ಮ ಎಷ್ಟೋ ತೋಟಗಳಲ್ಲಿ ನೆಟ್‌ವರ್ಕ್ ಸಿಗಲ್ಲ. ಹಾಡು ಕೇಳುವ ಇಯರ್‌ಬಡ್ ಕಿವಿಯ ರಕ್ಷಣೆಗೆ ಮಾಡಿದ್ದೂ ಅಲ್ಲ.

ವಾಕಿ-ಟಾಕಿ: ದೂರದಲ್ಲಿರುವ ಜೀಪಿನವರನ್ನು ಕರೆಯಲು ಸರಿ, ಮರದ ಮೇಲೆ ಕಷ್ಟ. ಮಾತಾಡಲು ಗುಂಡಿ ಒತ್ತಬೇಕು, ಹತ್ತಿದವರ ಎರಡೂ ಕೈ ಮಷೀನ್ ಮೇಲಿರುತ್ತೆ. ಇನ್ನೊಂದು ದೊಡ್ಡ ತೊಂದರೆ ಇದೆ. ಒಬ್ಬರು ಗುಂಡಿ ಒತ್ತಿ ಮಾತಾಡ್ತಿರುವಾಗ ಅವರಿಗೆ ಇನ್ನೊಬ್ಬರ ದನಿ ಕೇಳಲ್ಲ. "ನಿಲ್ಲಿಸಿ" ಅನ್ನೋದು ತಲುಪಬೇಕಾದ್ದೇ ಆ ಹೊತ್ತಿನಲ್ಲಿ. ಕೊಳ್ಳುವುದೇ ಆದರೆ 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ ಕಡಿಮೆ ಶಕ್ತಿಯ ಸೆಟ್ ಕೊಳ್ಳಿ. 2018ರ ನಿಯಮದಂತೆ ಅದಕ್ಕೆ ಲೈಸೆನ್ಸ್ ಬೇಡ.

ಇಂಟರ್‌ಕಾಂ ಹೆಡ್‌ಸೆಟ್: ಮರದ ಕೆಲಸಕ್ಕೆ ಇದೇ ಸರಿ. ಫೋನಿನಂತೆ ಇಬ್ಬರೂ ಒಟ್ಟಿಗೆ ಮಾತಾಡಬಹುದು, ಗುಂಡಿ ಒತ್ತಬೇಕಿಲ್ಲ. ಬೈಕ್ ಸವಾರರ ಇಂಟರ್‌ಕಾಂ ಮಾಡುವ ಸೇನಾ ಕಂಪನಿ, ಕಿವಿಗವಸಿನ ಜೊತೆ ಬರುವ ಟಫ್‌ಟಾಕ್ ಎಂಬ ಸೆಟ್ ಕೂಡ ಮಾಡುತ್ತೆ. ಬ್ರ್ಯಾಂಡ್ ಯಾವುದೇ ಇರಲಿ, ಹೆಲ್ಮೆಟ್‌ಗೆ ಸರಿಯಾಗಿ ಕೂರಬೇಕು, ಗಲ್ಲದ ಪಟ್ಟಿ ಹಾಕಲು ಅಡ್ಡ ಬರಬಾರದು.

ಡಬ್ಬಿ ಮೇಲೆ ಬರೆದಿರುವ ದೂರ ಬಯಲಿನ ಲೆಕ್ಕ. ಒದ್ದೆ ಎಲೆ, ದಪ್ಪ ಕಾಂಡ, ಇಳಿಜಾರು ಎಲ್ಲವೂ ಸಿಗ್ನಲ್ ನುಂಗುತ್ತವೆ. ಮಷೀನ್ ಚಾಲೂ ಮಾಡಿ, ಮಾತಾಡುತ್ತಾ ನಡೆದು ನೋಡಿ. ದನಿ ತುಂಡಾಗುವ ಜಾಗವೇ ನಿಮ್ಮ ಗಡಿ.

ಮಾತಿಗೂ ಒಂದು ಕಟ್ಟುಪಾಡು

ಕನ್ನಡದಲ್ಲಿ "ಬೇಡ" ಅನ್ನೋದು ಕೊನೆಗೆ ಬರುತ್ತೆ. "ಬಿಡಬೇಡಿ" ನಡುವೆ ತುಂಡಾದರೆ "ಬಿಡಿ", "ಕೊಯ್ಯಬೇಡಿ" ಅರ್ಧಕ್ಕೆ ನಿಂತರೆ "ಕೊಯ್ಯಿ" ಅಂತ ಕೇಳಿಸಬಹುದು. ಹೆಡ್‌ಸೆಟ್‌ನಲ್ಲೂ ದನಿ ತುಂಡಾಗುತ್ತೆ. ದನಿ ಬಂದಾಗ ಮಾತ್ರ ಮೈಕ್ ತೆರೆಯುವ ಸೆಟ್‌ಗಳಲ್ಲಿ ಮೊದಲ ಅಕ್ಷರವೇ ಹೋಗೋದುಂಟು. ಅದಕ್ಕೇ ನಾವು ಒಂದಕ್ಕೊಂದು ಹೋಲದ ಮಾತುಗಳನ್ನು ಗೊತ್ತು ಮಾಡಿಕೊಂಡಿದ್ದೇವೆ:

1. ಮೇಲಿನವರು: "ಕೆಳಗೆ ನೋಡಿ."
2. ಕೆಳಗಿನವರು ಸುತ್ತ ನೋಡಿ, ಎಲ್ಲರೂ ದೂರ ಹೋದ ಮೇಲೆ: "ಜಾಗ ಖಾಲಿ."
3. ಮೇಲಿನವರು: "ಬರ್ತಿದೆ." ಆಮೇಲೆ ಕೊಯ್ಲು.
4. ಯಾರಿಗೆ ಅನುಮಾನ ಬಂದರೂ: "ಸ್ಟಾಪ್, ಸ್ಟಾಪ್." ಎರಡು ಸಲ. ಕನ್ನಡ, ತಮಿಳು, ಅಸ್ಸಾಮಿ ಯಾರಿಗೂ ಅರ್ಥವಾಗುತ್ತೆ.

ಅಮೆರಿಕದ ಮರ ಕೆಲಸದ ಸುರಕ್ಷತಾ ಮಾನದಂಡ ಝಡ್133ರಲ್ಲೂ ಹೀಗೇ ಇದೆ. ಮೇಲಿನವರು "ಸ್ಟ್ಯಾಂಡ್ ಕ್ಲಿಯರ್" ಅಂದರೆ ಕೆಳಗಿನವರು "ಆಲ್ ಕ್ಲಿಯರ್" ಅನ್ನಬೇಕು. ಉತ್ತರ ಬರಲಿಲ್ಲ ಅಂದರೆ ಯಾರೂ ಇಲ್ಲ ಅಂತಲ್ಲ. ಉತ್ತರ ಇಲ್ಲದಿದ್ದರೆ ಕೊಯ್ಲೂ ಇಲ್ಲ. ಕೆಳಗೆ ಉತ್ತರ ಕೊಡುವವರು ಒಬ್ಬರೇ ಇರಲಿ, ಅವರ ಕೈಗೆ ಬೇರೆ ಕೆಲಸ ಕೊಡಬೇಡಿ. ಸೌದೆ ಎಳೆಯುವವರಲ್ಲಿ ಹೆಡ್‌ಸೆಟ್ ಇಲ್ಲದಿದ್ದರೆ ಅವರನ್ನು ದೂರ ಕಳಿಸುವ ಹೊಣೆಯೂ ಇವರದೇ. ಹರಟೆ ಊಟದ ಹೊತ್ತಿಗೆ ಇರಲಿ. ಬಾಯಲ್ಲಿ ಎಲೆ ಅಡಿಕೆ ತುಂಬಿಕೊಂಡರೂ ಮಾತು ಸ್ಪಷ್ಟವಾಗಲ್ಲ!

ಹೆಡ್‌ಸೆಟ್ ಮಾಡದ ಕೆಲಸ

ಹೆಡ್‌ಸೆಟ್ ಇದೆ ಅಂತ ಮರದ ಬುಡಕ್ಕೆ ಹೋಗಬೇಡಿ. ಹಗ್ಗ, ಬೆಲ್ಟ್ ಬಿಡಬೇಡಿ. ಕರೆಂಟ್ ಲೈನ್ ಹತ್ತಿರದ ಮರವಾದರೆ ಮೆಸ್ಕಾಂನವರಿಗೆ ಹೇಳಿ ಲೈನ್ ಆಫ್ ಮಾಡಿಸದೆ ಹತ್ತಿಸಲೇಬೇಡಿ. ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿದರೆ "ಸ್ಟಾಪ್" ಅನ್ನಲೂ ಸಮಯ ಸಿಗಲ್ಲ. ಬ್ಯಾಟರಿ ಸತ್ತರೆ ಮೊದಲು ಮಷೀನ್ ಆಫ್, ಆಮೇಲೆ ಕೈಸನ್ನೆ. ಕೆಳಗಿನವರ ಕೊರಳಲ್ಲಿ ಒಂದು ಸೀಟಿ ಇರಲಿ.

ಈ ವಾರ ಮಾಡಬೇಕಾದ್ದು

ಹೆಡ್‌ಸೆಟ್‌ಗೆ ಈಗ ದುಡ್ಡಿಲ್ಲದಿದ್ದರೂ ಪರವಾಗಿಲ್ಲ. ನಾಳೆ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಎಲ್ಲರನ್ನೂ ನಿಲ್ಲಿಸಿ ಈ ನಾಲ್ಕು ಮಾತು ಹೇಳಿಸಿ. ಹೆಡ್‌ಸೆಟ್ ಬರುವ ತನಕ ಮಷೀನ್ ಆಫ್ ಮಾಡಿ ಕೇಳಿ, ಉತ್ತರ ಬಂದ ಮೇಲೆ ಚಾಲೂ ಮಾಡಿ. ಅಕ್ಕಪಕ್ಕದ ಮೂರ್ನಾಲ್ಕು ತೋಟದವರು ಸೇರಿ ಎರಡು ಹೆಡ್‌ಸೆಟ್ ಕೊಂಡರೂ ಆದೀತು, ಮರಗಸಿ ತಂಡ ಹೇಗೂ ತೋಟದಿಂದ ತೋಟಕ್ಕೆ ಹೋಗುತ್ತೆ. ನಮ್ಮಲ್ಲಿ ಆ ಅಣ್ಣ ಮೊದಮೊದಲು "ಸೆಕೆ ಆಗುತ್ತೆ ಮಾರಾಯ್ರೆ" ಅಂತ ಗವಸು ತೆಗೀತಿದ್ದರು. ಈಗ "ಜಾಗ ಖಾಲಿ" ಅಂತ ಕಿವಿಗೆ ಬೀಳದೆ ಕೊಂಬೆಗೆ ಮಷೀನ್ ಮುಟ್ಟಿಸಲ್ಲ.